ನಮ್ಮ ಕಾರಿಗೆ ಬಟನ್ ಕ್ಲಚ್ ಬಂದದ್ದು

ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ರಸ್ತೆಯ ಮುಕ್ಕಾಲು ಪಾಲನ್ನು ತನ್ನದಾಗಿಸಿಕೊಂಡು, ದೊಡ್ಡದಾಗಿ ಹಾಡು ಹಚ್ಚಿಕೊಂಡು ನಮ್ಮ ಮುಂದೆ ಹೊರಟಿತ್ತು. ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ. ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ಅವಳ ಅಪ್ಪ, ಅಂದರೆ ಜೇವರ್ಗಿಯಿಂದ ಬಂದಿದ್ದ ನಮ್ಮ ಮಾವನವರು. ಎದುರಿನ ರಸ್ತೆ ಖಾಲಿ ಕಂಡದ್ದೇ ಅವಳು ಹಾರ್ನ್ ಹೊಡೆದು ಎಕ್ಸಿಲರೇಟರ್ ಒತ್ತಿದಳು.

ಎಂಜಿನ್ ಕೂಗಿತು. ಹುಲಿಯ ಹಾಗೆ ಕೂಗಿತು. ಕಾರು ಮಾತ್ರ ಇದ್ದಲ್ಲಿಯೇ ಇತ್ತು. ಟ್ರ್ಯಾಕ್ಟರಿನ ಎರಡನೆಯ ಟ್ರೇಲರ್‌ಗೆ ಸಮಸಮನಾಗಿ, ಅದರ ಕಬ್ಬಿನ ತುದಿಗಳು ನಮ್ಮ ಕನ್ನಡಿಯನ್ನು ಸವರುವಷ್ಟು ಹತ್ತಿರದಲ್ಲಿ, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಸಾಗಿದೆವು. ಟ್ರ್ಯಾಕ್ಟರಿನವನು ಹಿಂತಿರುಗಿ ನೋಡಿ, ನಾವು ಅವನ ಹಾಡು ಕೇಳಲಿಕ್ಕೆ ಬಂದಿದ್ದೇವೆಂದು ತಿಳಿದು ವಾಲ್ಯೂಮ್ ಏರಿಸಿದ. ಆಮೇಲೆ ವಾಸನೆ ಶುರುವಾಯಿತು.

"ಯಾರೋ ಕೂದಲ ಸುಡಾಕತ್ತಾರ," ಎಂದರು ಮಾವನವರು. ಮತ್ತೊಮ್ಮೆ ಮೂಗು ಎಳೆದು, "ಕೂದಲಲ್ಲ. ಕ್ಲಚ್ ಪ್ಲೇಟ್!" ಎಂದು ಸಂಭ್ರಮದಿಂದ ಘೋಷಿಸಿದರು. ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರಿಗೆ ಇಷ್ಟು ಖುಷಿಯಾದದ್ದನ್ನು ನಾನು ನೋಡಿರಲಿಲ್ಲ.

ಇಲ್ಲಿ ನಮ್ಮ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಅದೊಂದು ಸಣ್ಣ ಡೀಸೆಲ್ ಕಾರು. ಹೊರಗಿನಿಂದ ನೋಡಿದರೆ ಬಡಪಾಯಿ; ಆಳಂದದ ಪೇಟೆಯಲ್ಲಿ ಅಂಥವು ಸಾಲಾಗಿ ನಿಂತಿರುತ್ತವೆ. ನನ್ನ ಹೆಂಡತಿ ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ತೊಗರಿ ಹೊಲ ನೋಡಲಿಕ್ಕೆಂದು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ತಿರುಗುತ್ತಾಳೆ. ಅಪ್ಪನ ಬಸ್ಸಿನ ಬಾನೆಟ್ಟಿನ ಪಕ್ಕ ಕೂತು ಬೆಳೆದ ಹುಡುಗಿ. ನನಗೆ ಸಂಧಿ ಸಮಾಸ ಹೇಗೋ ಅವಳಿಗೆ ಗೇರು ಹಾಗೆ. ಒಮ್ಮೆ ಸೊಲ್ಲಾಪುರಕ್ಕೆ ಕೆಲಸದ ಮೇಲೆ ಹೋದವಳು ಕಾರಿನ ಕಂಪ್ಯೂಟರನ್ನು ಯಾರಿಂದಲೋ ತಿದ್ದಿಸಿಕೊಂಡು ಬಂದಳು. ಟ್ಯೂನಿಂಗ್ ಅಂತೆ. ಎಂಜಿನ್ನಿಗೆ ಮೊದಲಿಗಿಂತ ಎಷ್ಟೋ ಹೆಚ್ಚು ಶಕ್ತಿ ಬಂತು. ನಾನು ಆಳಂದದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಆ ಶಕ್ತಿಯಿಂದ ನನಗೆ ಆದ ಅನುಭವವೆಂದರೆ, ಕೂತ ಕೂಡಲೇ ತಲೆ ಸೀಟಿಗೆ ಬಡಿಯುವುದು.

ಶಕ್ತಿ ಬಂದದ್ದು ಎಂಜಿನ್ನಿಗೆ, ಕ್ಲಚ್ಚಿಗಲ್ಲ. ಎಂಜಿನ್ನಿನ ಬಲವನ್ನು ಹಿಡಿದು ಚಕ್ರದ ಕಡೆ ಕಳಿಸುವುದೇ ಕ್ಲಚ್ ಪ್ಲೇಟಿನ ಕೆಲಸ. ಕಂಪನಿ ಹಾಕಿಕೊಟ್ಟ ಪ್ಲೇಟಿಗೆ ಈ ಹೊಸ ಬಲವನ್ನು ಹಿಡಿಯಲಾಗದೆ ಕೈ ಜಾರುತ್ತಿತ್ತು. ಅದಕ್ಕೇ ಆ ಕೂಗು, ಆ ವಾಸನೆ.

ಮನೆಗೆ ಬಂದ ಮೇಲೆ ಆಯ್ಕೆಯ ಕೆಲಸ ಶುರುವಾಯಿತು. ಅವಳು ಫೋನಿನಲ್ಲಿ ಹುಡುಕಿ ಮೂರು ಬಗೆಯ ಕ್ಲಚ್ ತೋರಿಸಿದಳು. ಮೊದಲನೆಯದು ಕಂಪನಿಯದೇ. ಅದನ್ನು ಅವಳು ತೋರಿಸಿದ ಹಾಗೆ ಮಾಡಿ ದಾಟಿಸಿಬಿಟ್ಟಳು. ಎರಡನೆಯದು ನೋಡಲಿಕ್ಕೆ ಹಳೆಯದರ ಹಾಗೇ ಇದ್ದು, ಒತ್ತುವ ಸ್ಪ್ರಿಂಗ್ ಮಾತ್ರ ಗಟ್ಟಿ ಇರುವುದು. ಮೂರನೆಯದು ರೇಸಿನವರು ಹಾಕಿಸಿಕೊಳ್ಳುವಂಥದ್ದು. ಅದರಲ್ಲಿ ದುಂಡಗಿನ ಪಟ್ಟಿಯೇ ಇಲ್ಲ. ನಡುವಿನಿಂದ ಹೂವಿನ ಎಸಳುಗಳ ಹಾಗೆ ಕಾಲುಗಳು ಚಾಚಿ, ಒಂದೊಂದರ ತುದಿಗೂ ಕಲ್ಲಿನಂಥ ಬಿಲ್ಲೆ. ಅದಕ್ಕೆ ಬಟನ್ ಕ್ಲಚ್ ಅನ್ನುತ್ತಾರೆ. ಹಿಡಿದರೆ ಬಿಡುವುದಿಲ್ಲ. ಆದರೆ ಮೆಲ್ಲಗೆ ಹಿಡಿಯುವುದೂ ಗೊತ್ತಿಲ್ಲ.

"ಎರಡನೇದು ತರಸು," ಎಂದೆ ನಾನು. "ವಾರಕ್ಕೊಮ್ಮೆ ನಾನೂ ಓಡಸ್ತೇನಿ. ನನ್ನ ಕಾಲಿನ ವಿಚಾರನೂ ಸ್ವಲ್ಪ ಮಾಡು."

"ನಿಮ್ ಕಾಲಿಗೇನಾಗ್ಯದರಿ? ದಿನಾ ನಿಂತು ಪಾಠ ಮಾಡ್ತೀರಿ."

"ನಿಂತು ಮಾಡ್ತೇನಿ, ಒದ್ದು ಮಾಡಲ್ಲ."

ಅವಳು ಅಪ್ಪನ ಕಡೆ ನೋಡಿದಳು. ಮಾವನವರು ಕನ್ನಡಕ ಏರಿಸಿಕೊಂಡು ಫೋನನ್ನು ಕೈ ಚಾಚಿ ಹಿಡಿದು, ಮೂರನ್ನೂ ಬಹಳ ಹೊತ್ತು, ಮಗನಿಗೆ ಹೆಣ್ಣು ನೋಡುವವರ ಗಾಂಭೀರ್ಯದಲ್ಲಿ ನೋಡಿದರು. ನಂತರ ಮೂರನೆಯದರ ಮೇಲೆ ಬೆರಳಿಟ್ಟು, "ಇದು ಗಂಡಸು ಕ್ಲಚ್," ಎಂದರು.

"ಓಡಿಸಾಕಿ ನಾನಲ್ಲೇನಪಾ?" ಎಂದಳು ಮಗಳು.

"ಅದಕ್ಕಽ ಅಂದೆ. ನಿನಗಽ ಬರೋಬ್ಬರಿ."

ಈ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಂತೂ ನಾನು ಸೋತೆ. ಅವಳು ನನಗೆ ಸಮಾಧಾನ ಹೇಳುವ ದನಿಯಲ್ಲಿ, ಪಾರ್ಸೆಲ್ಲಿಗೆ ನನ್ನ ಶಾಲೆಯ ವಿಳಾಸವನ್ನೇ ಕೊಟ್ಟಿರುವುದಾಗಿ ತಿಳಿಸಿದಳು. ಹಗಲಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲವಲ್ಲ.

ಪಾರ್ಸೆಲ್ ಬಂದದ್ದು ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ. ಸ್ಟಾಫ್ ರೂಮಿಗೆ ಮರಳಿದರೆ ಸಹೋದ್ಯೋಗಿಗಳೆಲ್ಲ ಮೇಜಿನ ಸುತ್ತ ನಿಂತು ನಗುತ್ತಿದ್ದರು. ಡಬ್ಬಿಯ ಒಂದು ಮೂಲೆ ಹರಿದು, ಒಳಗಿನಿಂದ ಥಳಥಳಿಸುವ ಲೋಹದ ಅಂಚು ಕಾಣುತ್ತಿತ್ತು. ಅದರ ಭಾರ ನೋಡಿದ ವಿಜ್ಞಾನದ ಮಾಸ್ತರರು ಅದು ರಾಜ್ಯಮಟ್ಟದ ಪ್ರಶಸ್ತಿ ಫಲಕವೇ ಸರಿ ಎಂದು ತೀರ್ಪು ಕೊಟ್ಟಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರರು ನನ್ನ ಕೈ ಕುಲುಕಿ, "ಸುಮ್ಮನಽ ಇದ್ದು ಭಾಳ ದೊಡ್ಡ ಕೆಲಸ ಮಾಡೀರಿ," ಎಂದರು. ಯಾರೋ ಪೇಡೆ ತರಿಸಿದ್ದರು. ಒಂದು ಪೇಡೆ ಬಾಯೊಳಗೆ ಹೋದ ಮೇಲೆ ಇದು ಕ್ಲಚ್ ಪ್ಲೇಟು ಅಂತ ಹೇಳುವುದು ಅಷ್ಟು ಸುಲಭವಲ್ಲ. ಆದರೂ ಹೇಳಿದೆ. ಆಮೇಲೆ ಹೆಡ್‌ಮಾಸ್ತರರು ಇನ್ನೊಂದು ಪೇಡೆ ತೆಗೆದುಕೊಳ್ಳುತ್ತ, "ಇರ್ಲಿ ಬಿಡ್ರಿ, ಅದಕ್ಕೂ ಯೋಗ ಬೇಕು," ಎಂದರು.

ಅದನ್ನು ಕಾರಿಗೆ ಕೂಡಿಸುವವನು ಅಫಜಲಪುರದವನು. ಕಬ್ಬಿನ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವ ಮೇಸ್ತ್ರಿ. ಊರ ಹೊರಗೆ ಬೇವಿನ ಮರದ ಕೆಳಗೆ ಅವನ ಗ್ಯಾರೇಜು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಕನ್ನಡದಲ್ಲಿ ಶುರುಮಾಡಿದ ಮಾತನ್ನು ಉರ್ದುವಿನಲ್ಲಿ ಮುಗಿಸಿ, ನಗುವುದನ್ನು ಎರಡೂ ಭಾಷೆಯಲ್ಲಿ ನಗುವಂಥವನು. ನಮ್ಮ ಬಟನ್ ಪ್ಲೇಟನ್ನು ಕೈಯಲ್ಲಿ ಹಿಡಿದದ್ದೇ ಹಳೆಯ ಗೆಳೆಯ ಸಿಕ್ಕಂತೆ ಅವನ ಮುಖ ಅರಳಿತು.

"ಅರೆ, ಇದು ನಮ್ ಟ್ರ್ಯಾಕ್ಟರಿಂದಽ ಮರಿ ಅದ! ಮೇಡಂ, ನೀವ್ ಫಿಕರ್ ಬಿಡ್ರಿ. ಕ್ಲಚ್ ಅಂದ್ರ ನಾ, ನಾ ಅಂದ್ರ ಕ್ಲಚ್."

ಬೆಳಗಿನ ಬಿಸಿಲಿನಲ್ಲಿಯೇ ಕೆಲಸ ಹಿಡಿದ. ಕಾರಿನ ಮೂತಿ ಎತ್ತಿ, ಚಕ್ರ ಬಿಚ್ಚಿ, ಗೇರ್ ಬಾಕ್ಸನ್ನು ಹಳೆಯ ಟೈರಿನ ಮೇಲೆ ಕೂಸನ್ನು ಮಲಗಿಸಿದ ಹಾಗೆ ಇಳಿಸಿದ. ಹಳೆಯ ಪ್ಲೇಟು ಹೊರಬಂತು. ಸೀದ ರೊಟ್ಟಿಯ ಬಣ್ಣ, ಸೀದ ರೊಟ್ಟಿಯಷ್ಟೇ ತೆಳು. ಅಷ್ಟರಲ್ಲಿ ನನ್ನ ಹೆಂಡತಿ ಗೇರ್ ಆಯಿಲ್ ತರಲಿಕ್ಕೆಂದು ಪೇಟೆಗೆ ಹೋದಳು. ಗ್ಯಾರೇಜಿನಲ್ಲಿ ಉಳಿದವರು ನಾವು ಮೂವರು ಗಂಡಸರು. ಅಲ್ಲಿಂದ ಎಲ್ಲವೂ ಕೆಟ್ಟಿತು.

ಮೊದಲು ಗೈಡ್ ಕಳೆಯಿತು. ಗೈಡ್ ಅಂದರೆ ಪ್ಲೇಟನ್ನು ನಟ್ಟನಡುವೆ ಕೂರಿಸಲಿಕ್ಕೆ ಡಬ್ಬಿಯ ಜೊತೆ ಬಂದಿದ್ದ ಪ್ಲಾಸ್ಟಿಕ್ ಗೂಟ. ಮೇಸ್ತ್ರಿ ಟಾರ್ಪಾಲಿನ್ ಕೊಡವಿದ, ನಾನು ಕಾರಿನ ಕೆಳಗೆ ತೂರಿ ಅಂಗಿ ಹೊಲಸು ಮಾಡಿಕೊಂಡೆ. ಕೊನೆಗೆ ನೋಡಿದರೆ ಮಾವನವರು ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತು, ಅದನ್ನು ಕೊರಳ ಹಿಂದಿನಿಂದ ಅಂಗಿಯೊಳಗೆ ಇಳಿಬಿಟ್ಟು ಬೆನ್ನು ತುರಿಸಿಕೊಳ್ಳುತ್ತಿದ್ದರು. "ಭಾಳ ಛಲೋ ಸಾಮಾನ ಕಳ್ಸ್ಯಾರ," ಎಂದು ಕಂಪನಿಯನ್ನು ಹೊಗಳುತ್ತಲೇ ಹಿಂದಕ್ಕೆ ಕೊಟ್ಟರು.

ಆಮೇಲೆ ಬಂತು ಅಕ್ಷರದ ಜಗಳ. ಪ್ಲೇಟಿನ ಒಂದು ಮಗ್ಗುಲಿಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಮೇಸ್ತ್ರಿ ಅದನ್ನು ನನ್ನ ಮುಂದೆ ಹಿಡಿದ. "ಮಾಸ್ತರ್ರೆ, ಓದ್ರಿ."

"ಫ್ಲೈವೀಲ್ ಸೈಡ್," ಎಂದು ಓದಿದೆ.

ಫ್ಲೈವೀಲ್ ಅಂದರೆ ಎಂಜಿನ್ನಿಗೆ ಅಂಟಿಕೊಂಡ ಭಾರವಾದ ಚಕ್ರ. ಪ್ಲೇಟು ಕೂರುವುದು ಅದರ ಮೇಲೆಯೇ. ಮೇಸ್ತ್ರಿ, "ಅಂದ್ರ ಈ ಮಗ್ಗಲಾ ಆ ಕಡಿ ಹೊಳ್ಳಬೇಕು," ಎಂದು ತಿರುಗಿಸಲು ಹೋದ. ಮಾವನವರು ಕುರ್ಚಿಯಿಂದ ಎದ್ದುಬಿಟ್ಟರು.

"ತಡಿ, ತಡಿ. ಬಸ್ಸಿನ್ಯಾಗ 'ಮಹಿಳೆಯರಿಗೆ' ಅಂತ ಬರ್ದಿರ್ತದ. ಹೌದಿಲ್ಲೋ?"

"ಹೌದ್ರಿ."

"ಆ ಅಕ್ಷರ ಯಾರ ಕಡಿ ಮಾರಿ ಮಾಡಿರ್ತಾವ? ಸೀಟಿನ್ಯಾಗ ಕುಂತ ಹೆಣ್ಮಕ್ಕಳ ಕಡಿಗೋ, ಹತ್ತಿ ಬರೋ ಮಂದಿ ಕಡಿಗೋ?"

ಮೇಸ್ತ್ರಿ ಯೋಚಿಸಿದ. "ಬರೋ ಮಂದಿ ಕಡಿಗಽ."

"ಬರೋಬ್ಬರಿ. ಸೀಟ್ ಅಲ್ಲಿ ಅದ ಅಂತ ಬರೋರಿಗೆ ಗೊತ್ತಾಗಬೇಕು. ಹಂಗಽ ಇದು. ಫ್ಲೈವೀಲ್ ಆ ಕಡಿ ಅದ ಅಂತ ನಮಗ ಹೇಳಾಕತ್ತದ. ಅಕ್ಷರ ನಮ್ಮ ಕಡಿ ಇರಬೇಕು. ಕತ್ತಲಾಗ ಹೊಳ್ಳಿಸಿ ಇಟ್ರ ಯಾರು ಓದ್ತಾರ, ಫ್ಲೈವೀಲ್ ಓದ್ತದೇನು?"

ಇಬ್ಬರೂ ನನ್ನ ಕಡೆ ತಿರುಗಿದರು. ಭಾಷೆ ಕಲಿಸುವವನು ನಾನೇ ಅಲ್ಲವೆ? ನಾನು ಆ ಎರಡು ಪದಗಳನ್ನು ಮನಸ್ಸಿನಲ್ಲಿಯೇ ಬಿಡಿಸಿ, ಯಾವ ವಿಭಕ್ತಿ ಲೋಪವಾಗಿರಬಹುದೆಂದು ಯೋಚಿಸಿದೆ. ಷಷ್ಠಿಯೋ ಸಪ್ತಮಿಯೋ ತೀರ್ಮಾನವಾಗಲಿಲ್ಲ. ಆದರೆ ಮಹಿಳೆಯರ ಸೀಟಿನ ಉದಾಹರಣೆ ಬಹಳ ಹಿಡಿಸಿತು. "ಮಾವನೋರು ಹೇಳೋದ್ರಾಗ ಅರ್ಥ ಅದ," ಎಂದೆ.

"ಹಿರಿಯರು ಹೇಳ್ಯಾರ, ಮಾಸ್ತರ್ರು ಒಪ್ಪ್ಯಾರ, ಬಸ್, ಖತಂ," ಎಂದು ಮೇಸ್ತ್ರಿ ಪ್ಲೇಟಿನ ಅಕ್ಷರಗಳನ್ನು ಬಟ್ಟೆಯಿಂದ ಒರೆಸಿ, ಚೆಂದಾಗಿ ಕಾಣುವ ಹಾಗೆ ನಮ್ಮ ಕಡೆಗೇ ಇಟ್ಟು ಬಿಗಿದ. ಹೆಂಡತಿ ಎಣ್ಣೆ ತರುವುದರೊಳಗೆ ಗೇರ್ ಬಾಕ್ಸ್ ಮೇಲೇರಿತ್ತು.

ಕಾರು ಶುರುಮಾಡಿ, ಪೆಡಲ್ ಒತ್ತಿ ಅವಳು ಗೇರ್ ಹಾಕಲು ಹೋದರೆ 'ಕರ್ರ್' ಎಂದಿತು. ಇನ್ನೊಮ್ಮೆ ಒತ್ತಿದಳು. ಪೆಡಲ್ ಕಲ್ಲು. ಗೇರ್ ಬೀಳಲೊಲ್ಲದು. ಕ್ಲಚ್ ಎಂಜಿನ್ನನ್ನು ಬಿಡುತ್ತಲೇ ಇರಲಿಲ್ಲ.

"ಹೊಸಾದು, ನಾಚಿಕೊಳ್ಳಾಕತ್ತದ," ಎಂದ ಮೇಸ್ತ್ರಿ. "ಸ್ವಲ್ಪ ಓಡಸ್ರಿ, ಸೆಟ್ ಆಗ್ತದ."

ಅವಳು ಹುಬ್ಬು ಗಂಟಿಕ್ಕಿದಳು. ಮಾವನವರು ಮಾತ್ರ ಆಗಲೇ ಡ್ರೈವರ್ ಸೀಟಿನ ಬಾಗಿಲು ತೆಗೆದಿದ್ದರು. "ಆ ಕಡಿ ಸರೀ ಬೇ. ಕ್ಲಚ್ ಇಲ್ಲದಽ ಶಹಾಪುರದಿಂದ ಬಸ್ ತುಂಬ ಮಂದೀನ ತಂದೇನಿ ನಾ. ಯಾರಿಗೂ ಗೊತ್ತಽ ಆಗಿಲ್ಲ."

ಅದಕ್ಕೊಂದು ವಿದ್ಯೆಯಿದೆ. ಎಂಜಿನ್ ಬಂದ್ ಇದ್ದಾಗಲೇ ಗೇರ್ ಹಾಕಿ ಚಾವಿ ತಿರುಗಿಸಬೇಕು. ಕಾರು ಕುಪ್ಪಳಿಸಿ ಎದ್ದು ಹೊರಡುತ್ತದೆ. ಓಡುವಾಗ ಎಂಜಿನ್ನಿನ ದನಿ ಕೇಳಿಕೊಂಡು ಗೇರ್ ಬದಲಿಸಬೇಕು. ಮಾವನವರು ಅದನ್ನು ನಿಜಕ್ಕೂ ಬಲ್ಲವರು. ಕಷ್ಟ ಒಂದೇ. ನಿಂತಾಗಲೆಲ್ಲ ಮತ್ತೆ ಹಾಗೆ ಕುಪ್ಪಳಿಸಿ ಏಳಬೇಕು. ದಾರಿಯಲ್ಲಿ ಕುರಿ ಹಿಂಡಿಗೆ ನಿಂತೆವು, ರಸ್ತೆಯ ಉಬ್ಬಿಗೆ ನಿಂತೆವು, ಮಾವನವರ ಪರಿಚಯದ ಕಂಡಕ್ಟರೊಬ್ಬರು ಕಂಡರೆಂದು ನಿಂತೆವು. ಆಮೇಲೆ ಕಾರಿನ ಸೆಲ್ಫ್ ಸ್ಟಾರ್ಟರ್ 'ಕಟ್ ಕಟ್' ಎಂದು ಸತ್ತ ದನಿ ಹೊರಡಿಸಿ, ಹೇಗೋ ಕೊನೆಯ ಸಲ ಎಂಬಂತೆ ಎದ್ದಿತು.

"ಇನ್ನ ನಿಲ್ಲೂ ಹಂಗಿಲ್ಲ," ಎಂದರು ಮಾವನವರು. "ನಿಂತ್ರ ಮುಗೀತು."

ಇಷ್ಟು ಹೇಳಿದವರು ಚೌಡಾಪುರ ಕಂಡದ್ದೇ, "ಭಜಿ ತಿನ್ನೂಣು," ಎಂದರು. ಚೌಡಾಪುರದಲ್ಲಿ ರಸ್ತೆಯ ಮಗ್ಗುಲಿಗೆ ಮಿರ್ಚಿ ಭಜಿ ಕರಿಯುವ ಹೆಣ್ಣುಮಗಳೊಬ್ಬಳ ಗಾಡಿಯಿದೆ. ಅದನ್ನು ದಾಟಿ ಹೋದ ದಾಖಲೆ ಮಾವನವರ ಸರ್ವಿಸಿನಲ್ಲಿಯೇ ಇಲ್ಲವಂತೆ.

"ನಿಲ್ಲೂ ಹಂಗಿಲ್ಲ ಅಂದ್ರಿ," ಎಂದೆ.

"ನಿಲ್ಲೂದಿಲ್ಲ," ಎಂದರು. ಗಾಣಗಾಪುರಕ್ಕೆ ಹೋಗುವ ಗಾಡಿಗಳು ನಿಲ್ಲುವ ಬಯಲೊಂದು ಭಜಿ ಗಾಡಿಯ ಎದುರಿಗಿತ್ತು. ಮಾವನವರು ಕಾರನ್ನು ಅದರೊಳಗೆ ಇಳಿಸಿ ಮೊದಲ ಗೇರಿನಲ್ಲಿ ಸುತ್ತು ಹಾಕತೊಡಗಿದರು. ನಾನು ಹಿಂದೆ ಎಡಗಡೆಯ ಕಿಟಕಿಯಲ್ಲಿದ್ದೆ. ಭಜಿ ಗಾಡಿ ಪ್ರತಿ ಸುತ್ತಿಗೂ ಸರಿಯಾಗಿ ನನ್ನ ಮುಂದೆ ಹಾದುಹೋಗುತ್ತಿತ್ತು.

"ಯಕ್ಕಾ, ಮೂರು ಪ್ಲೇಟ್ ಭಜಿ!" ಎಂದು ಕೂಗಿದೆ.

ಮುಂದಿನ ಸುತ್ತಿಗೆ ಅವಳು ಜಾಲರಿ ಸೌಟು ಹಿಡಿದೇ ಕೇಳಿದಳು. "ಬ್ರೇಕ್ ಹೋಗ್ಯಾವೇನ್ರಿ?"

"ಬ್ರೇಕ್ ಛಲೋ ಅದಾವ. ಕ್ಲಚ್..." ಎನ್ನುವಷ್ಟರಲ್ಲಿ ಅವಳು ಹಿಂದೆ ಸರಿದಳು. ಇನ್ನೊಂದು ಸುತ್ತು ಬಂದು ಮಾತು ಮುಗಿಸಿದೆ. "...ಹಿಡದದ್ದು ಬಿಡವಲ್ದು!"

"ಉಳ್ಳಾಗಡ್ಡಿ ಹಾಕ್ಲೇನು?"

ಇದಕ್ಕೆ ಉತ್ತರ ಕೊಡಲು ಮತ್ತೊಂದು ಸುತ್ತು ಬೇಕಾಯಿತು. ಅಷ್ಟರಲ್ಲಿ ಜನ ಕೂಡಿದ್ದರು. ಗಾಣಗಾಪುರದ ದಾರಿಯ ಒಬ್ಬ ಯಾತ್ರಿಕರು ಕೈ ಮುಗಿದುಕೊಂಡು ಕಾರಿನ ಜೊತೆ ನಾಲ್ಕು ಹೆಜ್ಜೆ ನಡೆದು, "ಯಾವ ಹರಕಿ ರೀ ಇದು?" ಎಂದು ಭಕ್ತಿಯಿಂದ ಕೇಳಿದರು. ಗಾಡಿಯನ್ನೇ ಪ್ರದಕ್ಷಿಣೆ ಹಾಕಿಸುವ ಹರಕೆ ಅವರು ಕೇಳಿರಲಿಲ್ಲವಂತೆ. ಮಾವನವರು ಸ್ಟೀರಿಂಗ್ ಬಿಡದೆ ತಲೆ ಬಾಗಿಸಿ ಅವರಿಗೆ ನಮಸ್ಕಾರ ಮಾಡಿದರು. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ ಡ್ಯಾಶ್‌ಬೋರ್ಡಿಗೆ ಹಣೆ ಒತ್ತಿ, ಹೊಟ್ಟೆ ಹಿಡಿದು ನಗುತ್ತಿದ್ದಳು, ಉಸಿರೂ ಬರುತ್ತಿರಲಿಲ್ಲ. ಕೊನೆಗೆ ಭಜಿಯವಳೇ ಸೆರಗು ಸಿಕ್ಕಿಸಿ, ಪೊಟ್ಟಣ ಹಿಡಿದು ಕಾರಿನ ಜೊತೆಜೊತೆಗೆ ಓಡಿ ಕಿಟಕಿಯೊಳಗೆ ಇಟ್ಟಳು. ದುಡ್ಡು ಅದರ ಮುಂದಿನ ಸುತ್ತಿಗೆ ಕೊಟ್ಟೆ. ಜನ ಚಪ್ಪಾಳೆ ಹೊಡೆದರು.

ಒಂದು ಭಜಿ ಕಚ್ಚಿ, ಕಣ್ಣು ಒರೆಸಿಕೊಂಡು, ನನ್ನ ಹೆಂಡತಿ ತಟ್ಟನೆ ಕೇಳಿದಳು. "ಪ್ಲೇಟ್ ಮ್ಯಾಲ ಅಕ್ಷರ ಇದ್ವಲ್ಲ, ಅವು ಯಾವ ಕಡಿ ಬಂದಾವ?"

"ನಮ್ಮ ಕಡಿ," ಎಂದೆ ಹೆಮ್ಮೆಯಿಂದ. "ಎಷ್ಟ್ ಚಂದ ಕಾಣತಿದ್ವು ಅಂದ್ರ..."

ಅವಳು ಅಗಿಯುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಿದಳು. ಅಪ್ಪನನ್ನು ನೋಡಿದಳು. ಮಾವನವರು ಬಯಲಿನ ಆಚೆ ತುದಿಯ ಕಡೆ ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಅಪ್ಪಾ," ಎಂದಳು. "ಹೊಳ್ಳಸು."

"ಹೊಳ್ಳಸಾಕಽ ಹತ್ತೇನಿ ಬೇ, ಆಗಿಂದ."

"ಅಫಜಲಪುರದ ಕಡಿ ಹೊಳ್ಳಸು."

ಮುಂದಿನ ಸುತ್ತಿಗೆ ಕಾರು ಬಯಲಿನಿಂದ ಹೊರಬಿದ್ದು ಬಂದ ದಾರಿ ಹಿಡಿಯಿತು. ಗ್ಯಾರೇಜಿನಲ್ಲಿ ಮೇಸ್ತ್ರಿ ಊಟಕ್ಕೆ ಕೂತಿದ್ದ. ನಮ್ಮನ್ನು ಕಂಡು ಎದ್ದು, "ಬರ್ರಿ, ಬರ್ರಿ, ಸೆಟ್ ಆಯ್ತೇನು?" ಎಂದು ನಗುತ್ತ ಎದುರಿಗೇ ಬಂದ. ಕಾರು ನಿಲ್ಲದ್ದನ್ನು ನೋಡಿ ಬೇವಿನ ಮರದ ಆಚೆಗೆ ಹೋದ. ಮಾವನವರೂ ಕಾರಿನ ಸಮೇತ ಮರದ ಆಚೆಗೆ ಹೋದರು. ಅವನು ಈಚೆಗೆ ಬಂದ. ಇವರೂ ಬಂದರು. "ಯಾ ಅಲ್ಲಾ, ಎಂಜಿನ್ ಬಂದ್ ಮಾಡ್ರಿ ಕಾಕಾ!" ಎಂದು ಅವನು ಕೂಗಿದ ಮೇಲೆಯೇ ಮಾವನವರಿಗೆ ಚಾವಿಯ ನೆನಪಾದದ್ದು.

ಗೇರ್ ಬಾಕ್ಸ್ ಮತ್ತೆ ಟೈರಿನ ಮೇಲೆ ಮಲಗಿತು. ಈ ಸಲ ಅವಳು ಎಲ್ಲಿಗೂ ಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಅಲ್ಲಿಯೇ ನಿಂತಳು. ಪ್ಲೇಟಿನ ನಡುವಿನ ಉಬ್ಬು ಫ್ಲೈವೀಲಿನ ಬೋಲ್ಟುಗಳಿಗೆ ತಾಗಿ ಗೀರು ಬಿದ್ದಿತ್ತು, ಅದೃಷ್ಟಕ್ಕೆ ಒಡೆದಿರಲಿಲ್ಲ. ಮೇಸ್ತ್ರಿ, "ನಾ ಮೊದಲಽ ಹೇಳಿದ್ದೆ," ಎಂದ. ಮಾವನವರು, "ಇಂಗ್ಲಿಷ್‌ನವ್ರಿಗೆ ನೆಟ್ಟಗ ಬರಿಯಾಕ ಬರೂದಿಲ್ಲ," ಎಂದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು. ಅಕ್ಷರಗಳು ಕತ್ತಲೆಯ ಕಡೆ ಮುಖಮಾಡಿ ಕೂತವು. ಸಂಜೆಯ ಹೊತ್ತಿಗೆ ಪೆಡಲ್ ಒತ್ತಿದರೆ ಗೇರ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಅವಳು ಒಬ್ಬಳೇ ಒಂದು ಸುತ್ತು ಓಡಿಸಿಕೊಂಡು ಬಂದಳು. ಕಾರಿನಿಂದ ಇಳಿದಾಗ ಅವಳ ಮುಖ ನೋಡಿ, ಇಷ್ಟು ಖುಷಿ ನಮ್ಮ ಮದುವೆಯ ದಿನ ಇತ್ತೇ ಎಂದು ನೆನಪು ಮಾಡಿಕೊಳ್ಳಲು ಯತ್ನಿಸಿದೆ.

ಆದರೆ ಬಟನ್ ಕ್ಲಚ್ಚಿನ ಸ್ವಭಾವ ಬಟನ್ ಕ್ಲಚ್ಚಿನದೇ. ಅದಕ್ಕೆ ಹೌದು, ಇಲ್ಲ, ಎರಡೇ ಮಾತು ಗೊತ್ತು. ನೋಡೋಣ ಎನ್ನುವುದು ಗೊತ್ತಿಲ್ಲ. ನಾನು ಮೊದಲ ಸಲ ಶಾಲೆಗೆ ಒಯ್ದ ದಿನ ಕಾರು ಗೇಟಿನಿಂದ ಧ್ವಜಸ್ತಂಭದವರೆಗೆ ಕಪ್ಪೆಯ ಹಾಗೆ ಜಿಗಿದುಕೊಂಡು ಹೋಯಿತು. ಪ್ರಾರ್ಥನೆಗೆ ಸಾಲಾಗಿ ನಿಂತಿದ್ದ ಮಕ್ಕಳು ಒಂದೊಂದು ಜಿಗಿತಕ್ಕೂ "ಹೋ" ಎಂದರು. ಹೆಂಡತಿ ಓಡಿಸಿದರೆ ಅಷ್ಟಿಲ್ಲ, ಆದರೆ ಪ್ರತಿ ಸಲ ಹೊರಡುವಾಗ ಒಂದು ಜಗ್ಗು ಮಾತ್ರ ಯಾರಿಗೂ ತಪ್ಪಲಿಲ್ಲ. ಕೂತವರ ತಲೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತದೆ.

ಕೆಲವು ವಾರಗಳ ಮೇಲೆ ನಾವು ಮೂವರೂ ಅಂದೋಲಾಕ್ಕೆ ಹೋದೆವು. ಅಲ್ಲಿ ಮಾವನವರ ಅಕ್ಕ ಇದ್ದಾರೆ. ಗಟ್ಟಿ ಹೆಣ್ಣುಮಗಳು, ಸ್ವಂತ ಕಿರಾಣಿ ಅಂಗಡಿ ನಡೆಸುತ್ತಾರೆ. ಯಾರು ಏನು ಕೇಳಿದರೂ ಅವರ ಮೊದಲ ಮಾತು "ಒಲ್ಲೆ." ಚಹಾ ಬೇಕೇ ಎಂದರೆ ಒಲ್ಲೆ, ಕುಡಿಯುವುದು ಬೇರೆ ಮಾತು. ಜೇವರ್ಗಿಯಲ್ಲಿ ತಮ್ಮನ ಮನೆಗೆ ಬಂದು ನಾಲ್ಕು ದಿನ ಇರಬೇಕೆಂದು ಮಾವನವರು ಎಷ್ಟೋ ಸಲ ಕರೆದಿದ್ದರು. ಒಲ್ಲೆ. ಅವತ್ತು ಅವರು ಸುಮ್ಮನೆ ಮಠದವರೆಗೆ ಹೋಗಿ ಬರುತ್ತೇನೆಂದು ಮುಂದಿನ ಸೀಟಿನಲ್ಲಿ ಕೂತರು. ಕಾರು ಹೊರಟಿತು. ಅವರ ತಲೆ ಬಾಗಿತು.

ಹಿಂದೆ ಕೂತಿದ್ದ ಮಾವನವರ ಕಣ್ಣು ಮಿನುಗಿತು. ಎಮ್ಮೆಗಳಿಗೆಂದು ಕಾರು ನಿಂತಾಗ, ಮಗಳ ಹೆಗಲಿಗೆ ಮೆಲ್ಲಗೆ ತಟ್ಟಿ, ಮುಂದಕ್ಕೆ ಬಾಗಿ ಕೇಳಿದರು. "ಅಕ್ಕಾ, ಜೇವರ್ಗಿಗೆ ಬರ್ತೀ ಇಲ್ಲೋ?"

ಹೆಂಡತಿ ಕ್ಲಚ್ ಬಿಟ್ಟಳು. ಅಕ್ಕನ ತಲೆ ಚೆನ್ನಾಗಿ, ಎಲ್ಲರಿಗೂ ಕಾಣುವ ಹಾಗೆ, ಹೌದೆಂದು ಆಡಿತು.

"ಒಪ್ಪಿದಳು!" ಎಂದರು ಮಾವನವರು.

"ಏ, ನಾ ಎಲ್ಲಿ ಒಪ್ಪಿದೆ? ನಿನ್ ಗಾಡಿ ಅಳ್ಳಾಡಸ್ತು!"

ಮಠದ ಮುಂದೆ ತಿರುವಿನಲ್ಲಿ ಮತ್ತೆ ನಿಂತೆವು. "ಎಂಟು ದಿನ ಇರ್ತೀ ಏನು?" ಜಗ್ಗು. ತಲೆ. "ಹೋಳಿಗಿ ಮಾಡ್ತೀ?" ಈ ಸಲ ನನ್ನ ಹೆಂಡತಿ ಬೇಕೆಂದೇ ಎರಡು ಜಗ್ಗು ಕೊಟ್ಟಳು. ಅಕ್ಕ ಸೀಟಿನ ಅಂಚು ಹಿಡಿದು, ಸೆರಗು ಬಾಯಿಗೆ ಒತ್ತಿಕೊಂಡು, "ಬಾಡ್ಯಾ, ನಿಲ್ಸೋ, ಹೊಟ್ಟಿ ನೋಯಾಕತ್ತದ," ಎಂದು ಬೈಯುತ್ತ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂಗಡಿಗೆ ಮರಳಿದ ಮೇಲೆ ಯಾರೂ ಏನೂ ಕೇಳದಿದ್ದರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಸೀರೆಗಳ ಚೀಲ ಹಿಡಿದು ಬಂದು, ಅಂಗಡಿಯ ಬಾಗಿಲು ಎಳೆದು, ಬೀಗ ಹಾಕಿ, ಮತ್ತೆ ಮುಂದಿನ ಸೀಟಿನಲ್ಲಿಯೇ ಕೂತರು.